ಸಡಿಲವಾದ ಯೂನಿಫಾರ್ಮ್

ಬೀದಿಯವರ ಬಟ್ಟೆಯನ್ನೆಲ್ಲ ಹೊಲಿದುಕೊಡುವ ಟೈಲರಮ್ಮನಿಗೆ ಮಗಳ ಮೇಲೆ ಸಿಟ್ಟೋ ಸಿಟ್ಟು. ಕಾಲೇಜಿಗೆ ಹೋಗುವ ಹುಡುಗಿ, ಮನೆಯಲ್ಲಿ ಎಲ್ಲರಿಗೂ ಗುಬ್ಬಿ. ಅವಳ ಯೂನಿಫಾರ್ಮ್ ದಿನೇ ದಿನೇ ಸಡಿಲ. ಪಕ್ಕದ ಹೊಲಿಗೆ ಹಿಡಿದು ಬಿಗಿ ಮಾಡಿದ್ದಾಯಿತು. ಮತ್ತೆ ಸಡಿಲ. ಮತ್ತೆ ಬಿಗಿ ಮಾಡಿದಳು.

"ತಟ್ಟೆ ತುಂಬ ಉಣ್ತೀಯ, ಕೊಡಗಟ್ಟಲೆ ನೀರು ಕುಡೀತೀಯ, ಅದೆಲ್ಲ ಎಲ್ಲಿಗೆ ಹೋಗುತ್ತೆ?"

"ಸುಸ್ತು ಕಣಮ್ಮಾ."

"ಸುಸ್ತಂತೆ ಸುಸ್ತು! ಆ ಸೈಕಲ್ ಅಂಗಡಿಯವರ ಮಗನ ಜಪ ಮಾಡ್ತಾ ಕೂತ್ರೆ ಇನ್ನೇನಾಗುತ್ತೆ? ನನಗೇನು ಕಣ್ಣಿಲ್ವಾ?"

ಅವರಿಬ್ಬರೂ ಇಷ್ಟಪಟ್ಟಿದ್ದು ನಿಜ. ಒಂದು ಸಂಜೆ ಆ ಹುಡುಗನೇ ಧೈರ್ಯ ಮಾಡಿ ಬಂದ.

"ಆಂಟಿ, ಬೈಬೇಡಿ. ಕ್ಲಾಸಲ್ಲಿ ಅವಳು ಎದ್ದೆದ್ದು ಬಾತ್‌ರೂಮಿಗೆ ಓಡ್ತಾಳೆ. ನಮ್ಮಕ್ಕನಿಗೂ ಹೀಗೇ ಆಗಿತ್ತು. ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ."

"ನಿನ್ನ ಸಹವಾಸ ಬಿಟ್ರೆ ಎಲ್ಲ ಸರಿಹೋಗುತ್ತೆ, ನಡಿಯಯ್ಯಾ!" ಟೈಲರಮ್ಮ ದಢಾರನೆ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಮತ್ತೆ ಅಳತೆ. ಟೇಪು ಸೊಂಟ ಸುತ್ತುವಷ್ಟರಲ್ಲಿ ಗುಬ್ಬಿ ವಾಂತಿ ಮಾಡಿಕೊಂಡು ಹೊಲಿಗೆ ಮಿಷಿನ್ ಪಕ್ಕದಲ್ಲೇ ಕುಸಿದಳು. ಏದುಸಿರು. ಉಸಿರಲ್ಲಿ ಕಳಿತ ಹಣ್ಣಿನ ವಾಸನೆ. ಕರೆದರೆ ಓ ಎನ್ನಲಿಲ್ಲ. ಟೈಲರಮ್ಮ ಕಿರುಚಿಕೊಂಡಳು. ಅವಳ ಕೂಗು ಕೇಳಿ ಓಡಿ ಬಂದು ಗಾಡಿ ತಂದವನು ಅದೇ ಹುಡುಗ.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ರಕ್ತ ನೋಡಿದರು. ಡಾಕ್ಟರು ಒಳಗೆ ಚಿಕಿತ್ಸೆ ಶುರು ಮಾಡಿದರು. ನರ್ಸಮ್ಮ ಹೊರಗೆ ಬಂದು, "ಸಕ್ಕರೆ ಕಾಯಿಲೆ. ಇನ್ನಷ್ಟು ತಡ ಮಾಡಿದ್ರೆ ಜೀವಕ್ಕೇ ಕುತ್ತು ಬರ್ತಿತ್ತು," ಅಂದರು.

"ಈ ವಯಸ್ಸಿಗಾ? ಅದು ವಯಸ್ಸಾದವರಿಗೆ ಬರೋದಲ್ವಾ? ಸಿಹಿ ಜಾಸ್ತಿ ತಿಂದಳಾ?"

"ಇದು ಸಿಹಿ ತಿಂದು ಬಂದಿದ್ದಲ್ಲಮ್ಮಾ, ಅಂಟೋದೂ ಅಲ್ಲ. ಚಿಕ್ಕ ಮಕ್ಕಳಿಗೂ ಬರುತ್ತೆ. ಮೈಯಲ್ಲಿ ಇನ್ಸುಲಿನ್ ತಯಾರಾಗೋದು ನಿಂತುಹೋಗಿದೆ. ಅದನ್ನ ದಿನಾ ಸೂಜಿಯಲ್ಲಿ ಕೊಡಬೇಕು, ತಪ್ಪಿಸೋ ಹಾಗೇ ಇಲ್ಲ. ಆಗ ಓದು, ಕೆಲಸ, ಮದುವೆ, ಮಕ್ಕಳು ಯಾವುದಕ್ಕೂ ಅಡ್ಡಿಯಿಲ್ಲ."

ಟೈಲರಮ್ಮ ಹಣೆ ಚಚ್ಚಿಕೊಂಡಳು. ಟೇಪು ಇನ್ನೂ ಕೈಯಲ್ಲೇ ಇತ್ತು. "ನನ್ನ ಕೈಯಾರೆ ಅಳತೆ ತೆಗೆದೆನಲ್ಲಾ! ಮಗು ಕರಗಿ ಹೋಗ್ತಿದ್ರೆ ಬಟ್ಟೆ ಬಿಗಿ ಮಾಡ್ತಾ ಕೂತೆನಲ್ಲಾ!"

ಮಾರನೇ ದಿನ ಚೇತರಿಸಿಕೊಂಡ ಗುಬ್ಬಿ ಮೆಲ್ಲಗೆ ಕೇಳಿದಳು, "ಅಮ್ಮಾ, ದಿನಾ ಚುಚ್ಚಿಕೊಳ್ಳೋಳನ್ನ ಇನ್ಯಾರು ಇಷ್ಟಪಡ್ತಾರೆ?"

"ನಮ್ಮಕ್ಕನೂ ಚುಚ್ಚಿಕೊಳ್ತಾಳೆ ಕಣೇ," ಬಾಗಿಲಲ್ಲಿ ನಿಂತಿದ್ದ ಹುಡುಗ ಹೇಳಿದ. "ಭಾವ ಇವತ್ತಿಗೂ ಅವಳು ಹಾಕಿದ ಗೆರೆ ದಾಟಲ್ಲ."

ಗುಬ್ಬಿ ನಕ್ಕಳು. ಟೈಲರಮ್ಮ ಕಣ್ಣೊರೆಸಿಕೊಂಡು, "ಓದು ಮುಗೀಲಿ, ಆಮೇಲೆ ನೋಡೋಣ. ಈಗ ಒಳಗೆ ಬಾರಪ್ಪಾ," ಅಂದಳು.

ಈಗ ಗುಬ್ಬಿ ತಾನೇ ಇನ್ಸುಲಿನ್ ತೆಗೆದುಕೊಂಡು ಕಾಲೇಜಿಗೆ ಹೊರಡುತ್ತಾಳೆ. ಮೈ ತುಂಬಿಕೊಂಡಿದೆ. ಟೈಲರಮ್ಮ ಆ ಯೂನಿಫಾರ್ಮಿನ ಹೊಲಿಗೆಗಳನ್ನು ಬಿಚ್ಚಿ ಸಡಿಲ ಮಾಡಿಕೊಟ್ಟಳು.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗು ಪದೇ ಪದೇ ನೀರು ಕೇಳ್ತಿದೆಯಾ? ಪದೇ ಪದೇ ಮೂತ್ರಕ್ಕೆ ಹೋಗ್ತಿದೆಯಾ? ಉಂಡರೂ ಸೊರಗ್ತಿದೆಯಾ? ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಗೊತ್ತಾಗುತ್ತೆ. ಬೈಯೋದಿದ್ರೆ ಆಮೇಲೆ ಬೈಯಿರಿ, ಬೈಸಿಕೊಳ್ಳೋಕೆ ಮಗು ಇರಬೇಕಲ್ಲ.