ಕಿವಿಯೋಲೆಯ ಚಕ್ರವರ್ತಿ

ಸಂಗ್ರಹಾಲಯದ ನಾಣ್ಯ ವಿಭಾಗದ ಮುಖ್ಯಸ್ಥರು ಬೈಜಾಂಟಿಯಂ ಸಾಮ್ರಾಜ್ಯದ ತಾಮ್ರದ ನಾಣ್ಯವೊಂದರಲ್ಲಿ ಕಿವಿಯೋಲೆ ತೊಟ್ಟ ಚಕ್ರವರ್ತಿಯನ್ನು ಕಂಡು ಆರು ತಿಂಗಳಾಗಿತ್ತು. ಅಂದಿನಿಂದ ಅವರ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಶಿಲುಬೆಯಾಕಾರದ ಆ ಓಲೆಯಿಂದ ಹೊಸದೊಂದು ಪಟ್ಟಾಭಿಷೇಕ ವಿಧಿಯನ್ನೂ ಅದರಿಂದ ಒಂದು ಅರಮನೆ ಪಿತೂರಿಯನ್ನೂ ಹೊಸೆದು, ಯಾರಾದರೂ ಕದ್ದಾರೆಂದು ಬಾಯಿಬಿಡದೆ ಕೂತಿದ್ದರು. ನಾಣ್ಯವನ್ನು ನೋಡಿದ್ದು ಒಂದೇ ಸಲ. ಮಿಕ್ಕ ಸಂಶೋಧನೆಯೆಲ್ಲ ತಮ್ಮ ಕೋಣೆಯ ಗೋಡೆಗೆ ತೂಗಿದ ಫೋಟೋದ ಮೇಲೆ.

ಗುರುವಾರ ಅದರ ಮೇಲೆ ಅವರ ಉಪನ್ಯಾಸ. ಅದಕ್ಕೆ ಮುಂಚೆ ನಾಣ್ಯದ ವಿವರದ ಕಾರ್ಡಿಗೆ ಎರಡನೆಯ ರುಜು ಬೇಕು. ಹಾಕಬೇಕಾದವಳು ಪಟ್ಟಿ ಬರೆಯುವ ಸಹಾಯಕಿ, ಅವರ ಸ್ವಂತ ಅಕ್ಕನ ಮಗಳು. ಅವಳ ಕೆಲಸ ಖಾಯಂ ಮಾಡುವ ಕಾಗದ ಅವರ ರುಜುವಿಗೆ ಕಾಯುತ್ತಿತ್ತು.

"ಕಾರ್ಡಿಗೆ ನೀನು ಹಾಕು, ಕಾಗದಕ್ಕೆ ನಾನು ಹಾಕ್ತೀನಿ," ಎಂದರು ಮುಖ್ಯಸ್ಥರು.

ಅವಳು ನಾಣ್ಯವನ್ನು ಓರೆ ಬೆಳಕಿನಲ್ಲಿಟ್ಟು ಮೆಲ್ಲಗೆ ತಿರುಗಿಸಿದಳು. ಓಲೆಯಾದರೆ ಕೂದಲಿನ ಮೇಲಿರಬೇಕು. ಇಲ್ಲಿ ಕೂದಲಿನ ಗೆರೆಗಳೇ ಅದನ್ನು ತುಳಿದುಕೊಂಡು ಹೋಗಿದ್ದವು. ನಾಣ್ಯ ತಲೆಕೆಳಗಾದಾಗ ಶಿಲುಬೆಯ ಕೆಳಗೊಂದು ಗೋಳ, ಗೋಳದ ಕೆಳಗೆ ಬೆರಳು, ಆಚೆಗೆ ಇನ್ಯಾರದೋ ಅರ್ಧ ಗಡ್ಡ ಕಾಣಿಸಿದವು.

"ಮಾವ, ಇದು ಓಲೆ ಅಲ್ಲ."

"ಮಾವ ಮನೇಲಿ. ಇಲ್ಲಿ ಸರ್."

"ಸರ್, ಇದು ಓಲೆ ಅಲ್ಲ. ಹಳೇ ರಾಜನ ಕೈಲಿದ್ದ ಶಿಲುಬೆ. ಹೊಸಬ ಹಳೇ ನಾಣ್ಯ ಕರಗಿಸೋ ಗೋಜಿಗೇ ಹೋಗ್ದೆ ಅದರ ಮೇಲೇ ತನ್ನ ಅಚ್ಚು ಕುಟ್ಟಿಸಿದಾನೆ. ಅದೂ ತಲೆಕೆಳಗಾಗಿ."

"ಆಹ್ವಾನ ಪತ್ರಿಕೇಲಿ 'ಕಿವಿಯೋಲೆಯ ರಹಸ್ಯ' ಅಂತ ಅಚ್ಚಾಗಿಹೋಗಿದೆ ಕಣೇ!"

"ಅದನ್ನ ಆ ರಾಜಂಗೆ ಯಾರೂ ಹೇಳಿರ್ಲಿಲ್ಲ ಸರ್."

ಅವಳು ಕಂಡದ್ದನ್ನೇ ಕಾರ್ಡಿನಲ್ಲಿ ಬರೆದು ರುಜು ಹಾಕಿದಳು. ಖಾಯಂ ಕಾಗದ ಡ್ರಾಯರಿನೊಳಗೆ ಹೋಯಿತು. ಎರಡು ದಿನ ಮುಖ್ಯಸ್ಥರು ಮುಖ ಊದಿಸಿಕೊಂಡೇ ಓಡಾಡಿದರು. ಆದರೆ ಭೂತಗನ್ನಡಿ ಹಿಡಿದು ನಾಣ್ಯದ ಕಪಾಟಿಗೆ ನಾಲ್ಕು ಸಲ ಹೋಗಿಬಂದದ್ದನ್ನು ಅವಳು ನೋಡಿದಳು.

ಗುರುವಾರ ಸಭಾಂಗಣ ತುಂಬಿತ್ತು.

"ಇದನ್ನ ಕಿವಿಯೋಲೆ ಅಂತ ನಂಬ್ಕೊಂಡಿರೋ ಕೆಲವರಿದಾರೆ," ಎಂದು ಮುಖ್ಯಸ್ಥರು ವೇದಿಕೆಯಿಂದ ನಕ್ಕರು. "ನಾಣ್ಯ ತಿರುಗಿಸಿ ನೋಡೋವಷ್ಟೂ ತಾಳ್ಮೆ ಇಲ್ಲದವರು!"

ಚಪ್ಪಾಳೆ ಬಿತ್ತು. ಆ 'ಕೆಲವರು' ಇಡೀ ಜಗತ್ತಿಗೆ ಒಬ್ಬರೇ ಎಂಬುದು ಹಿಂದಿನ ಸಾಲಿನಲ್ಲಿ ಕೂತವಳಿಗೆ ಮಾತ್ರ ಗೊತ್ತಿತ್ತು.

"ನೋಡಿದ್ಯಾ, ಅವರಿಗೆ ಹೇಗೆ ನೀರಿಳಿಸಿದೆ!" ಕೋಣೆಗೆ ಮರಳಿದ ಮಾವ ಉಬ್ಬಿಹೋಗಿದ್ದರು.

"ಪಾಪ, ತುಂಬಾ ನೊಂದಿರ್ತಾರೆ ಸರ್."

"ನೋಯಲಿ ಬಿಡು. ಅಂಥೋರಿಗೆ ಹಾಗೇ ಆಗ್ಬೇಕು," ಎನ್ನುತ್ತ ಅವರು ಡ್ರಾಯರಿನಿಂದ ಅವಳ ಕಾಗದ ತೆಗೆದು, ಅದೇ ಹುರುಪಿನಲ್ಲಿ ರುಜು ಗೀಚಿದರು.