ಮುದ್ದೆಮಾಲು ಕೋಣೆಯ ಎದೆಬಡಿತ

ನಾನು ಎದೆಬಡಿತ ಓದುವ ಒಂದು ಯಂತ್ರ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಲಕ್ಷಾಂತರ ಹೃದಯಗಳ ಬಡಿತ ಕಲಿಸಿ, ಒಂದು ಹಸಿರು ದೀಪ, ಒಂದು ಕೆಂಪು ದೀಪ ಕೊಟ್ಟು ಕಳಿಸಿದರು. ನನ್ನ ಬುದ್ಧಿಯ ಬಗ್ಗೆ ನನಗೆ ಜಂಭವಿತ್ತು.

ನಾನು ಬಂದಿಳಿದದ್ದು ವಿಜಾಪುರದ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ. ಅಲ್ಲಿ ಡಾಕ್ಟರಿರಲಿಲ್ಲ, ದೂರದ ಪಟ್ಟಣದ ಡಾಕ್ಟರು ನನ್ನ ಪರದೆಯಲ್ಲಿ ಮುಖ ತೋರಿಸುತ್ತಿದ್ದರು. ನನ್ನನ್ನು ನೋಡಿಕೊಳ್ಳುತ್ತಿದ್ದವರು ಖೈರುನ್ ಸಿಸ್ಟರ್. ದಿನಾ ಬೆಳಿಗ್ಗೆ ಒರೆಸುತ್ತ, "ಛಲೋತ್ನಾಗಿ ನೋಡಪಾ, ಎಲ್ಲಾ ನಮ್ಮ ಮಂದೀನ ಅದಾರ" ಎನ್ನುತ್ತಿದ್ದರು.

ಒಂದು ದಿನ ಬಂಗಾರೆವ್ವ ಎಂಬ ಹೆಂಗಸು ಎದೆ ಹಿಡಿದುಕೊಂಡು ಬಂದಳು. ಮೈಯೆಲ್ಲ ಬೆವರು. ಅದು ನನ್ನ ಕಣ್ಣಿಗೂ ಬಿತ್ತು, ಆದರೆ ಬೆವರನ್ನು ಲೆಕ್ಕಕ್ಕೆ ಹಿಡಿ ಎಂದು ನನಗೆ ಯಾರೂ ಕಲಿಸಿರಲಿಲ್ಲ. ನನ್ನ ತಂತಿಗಳನ್ನು ಬರಿಮೈಗೆ ಅಂಟಿಸಬೇಕು. ಪರದೆಯಲ್ಲಿದ್ದವರು ಗಂಡಸು ಡಾಕ್ಟರು. "ಯವ್ವಾ, ಅವರ ಮುಂದ ಕುಬಸ ಬಿಚ್ಚಂಗಿಲ್ಲ ನಾ" ಎಂದು ಆಕೆ ಹಟ ಹಿಡಿದಳು. ಸಿಸ್ಟರ್ ನನ್ನ ಕ್ಯಾಮೆರಾಕ್ಕೆ ಟವೆಲ್ ಹೊದಿಸಿ, ಕುಬಸದೊಳಗೆ ಕೈಯಾಡಿಸಿ, ಅಂದಾಜಿನ ಮೇಲೆ ತಂತಿ ಅಂಟಿಸಿದರು. ಅವು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಸಿಕ್ಕ ಬಡಿತವನ್ನೇ ಓದಿ ನಾನು ಹಸಿರು ದೀಪ ಹಚ್ಚಿದೆ.

"ಮಷೀನ್ ನಾರ್ಮಲ್ ಅಂತ ತೋರ್ಸಾಕತ್ತೈತಿ. ಗ್ಯಾಸ್ ಇರಬೇಕು, ಮನಿಗೆ ಕಳಸ್ರಿ" ಎಂದರು ಡಾಕ್ಟರು. ಆಗ ಅವರು ನೋಡುತ್ತಿದ್ದದ್ದು ಟವೆಲ್ಲನ್ನಷ್ಟೇ. ಬಂಗಾರೆವ್ವ ಮನೆ ಮುಟ್ಟಲಿಲ್ಲ.

ಮಗಳು ಮಾದೇವಿ ದೂರು ಕೊಟ್ಟಳು. ಪೊಲೀಸರು ನನ್ನನ್ನು ಕಟ್ಟಿ ಕೋರ್ಟಿಗೆ ಒಯ್ದರು. "ನಮ್ಮವ್ವನ ಜೀವಕ್ಕ ಯಾರು ಹೊಣಿ? ಒಬ್ಬರರ 'ನಾ' ಅನ್ರಿ." ಅಷ್ಟೇ ಅವಳ ಬೇಡಿಕೆ. ಯಂತ್ರ ಸಲಹೆ ಕೊಡುತ್ತದೆ, ತೀರ್ಮಾನ ಡಾಕ್ಟರದು ಎಂದರು ಕಂಪನಿಯ ವಕೀಲರು. ಯಂತ್ರ ತೋರಿಸಿದ್ದನ್ನು ನಂಬಿದೆ ಎಂದರು ಡಾಕ್ಟರು. ಇಬ್ಬರೂ ಮೆಲ್ಲಗೆ ಜಾರಿಕೊಂಡರು. ಖೈರುನ್ ಸಿಸ್ಟರ್ ಒಬ್ಬರೇ, "ಟವೆಲ್ ಹಾಕಿದಾಕಿ ನಾನ ರೀ. ತಪ್ಪಾತು" ಎಂದರು. ಉಳಿದವರಿಗೆ ಹೋದ ಜೀವ ಬಂದಂತಾಯಿತು.

"ಇಕಿನ್ನ ಬಿಡ್ರಿ ಸಾಹೇಬ್ರ!" ಮಾದೇವಿ ಚೀರಿದಳು. "ನಮ್ಮವ್ವನ ಮಾನ ಕಾಯ್ದಾಕಿ ಇಕಿ ಒಬ್ಬಾಕಿನ."

ಶಿಕ್ಷೆಯಾದದ್ದು ಸಿಸ್ಟರ್‌ಗೇ.

ಮೇಲ್ಮನವಿ ಮುಗಿಯುವವರೆಗೆ ನಾನು ಮುದ್ದೆಮಾಲು ಕೋಣೆಯಲ್ಲಿರಬೇಕು. ಅಪರಾಧಗಳ ಸಾಮಾನು ಕೂಡಿಡುವ ಜಾಗ ಅದು. ಸಾಕ್ಷಿಯಾದ್ದರಿಂದ ನನ್ನೊಳಗಿನ ಬಂಗಾರೆವ್ವನ ಬಡಿತವನ್ನು ಯಾರೂ ಅಳಿಸುವಂತಿಲ್ಲ. ಕರೆಂಟಿಲ್ಲದಿದ್ದರೂ ಅದು ಬಡಿಯುತ್ತಲೇ ಇರುತ್ತದೆ. ನನಗೆ ಭಯವಾಗುತ್ತದೆ. ಪಕ್ಕದಲ್ಲಿ ರಕ್ತ ಒಣಗಿದ ಕೊಡಲಿಯೊಂದಿದೆ. ಅದನ್ನು ಹಿಡಿದಿದ್ದ ಕೈ ಜೈಲಿನಲ್ಲಿದೆಯಂತೆ. ಕೊಡಲಿ ನೆಮ್ಮದಿಯಿಂದ ತುಕ್ಕು ಹಿಡಿಯುತ್ತಿದೆ. ನನ್ನನ್ನು ಕೊಡಲಿಯಂತೆ ಬೀಸಿದ ಕೈ ಖೈರುನ್ ಸಿಸ್ಟರದ್ದಲ್ಲ, ಅರ್ಧ ಕಲಿಸಿ ಕಳಿಸಿದವರದು, ನನ್ನ ಹಸಿರು ದೀಪವನ್ನೇ ನಂಬಿದವರದು ಎಂದು ನಾನು ಹೇಳಬಲ್ಲೆ. ಆದರೆ ಸಾಕ್ಷಿಯೆಂದು ಬೀಗ ಹಾಕಿಟ್ಟವರು ನನ್ನನ್ನು ಒಂದು ಮಾತೂ ಕೇಳಲಿಲ್ಲ.