ಭೀಮವ್ವನ ಮೈಲಾರಲಿಂಗ

ಕೋಥರೂಡದ ಭೀಮವ್ವ ಸದಾಶಿವ ಪೇಠದ ನನ್ನ ಬೆಳ್ಳಿ ಅಂಗಡಿಗೆ ಬಂದು, ಕೆಂಪು ವಸ್ತ್ರ ಬಿಚ್ಚಿ ಒಂದು ಸಣ್ಣ ಬೆಳ್ಳಿ ಬಿಲ್ಲೆ ಮುಂದಿಟ್ಟಳು. ಅತ್ತೆಯ ಅತ್ತೆಯ ಕಾಲದಿಂದ ದೇವರ ಜಗಲಿಯ ಮೇಲಿದ್ದ, ದೇವರ ಮುಖ ಒತ್ತಿದ ಟಾಕು, ಅವಳ ಮನೆದೇವರು ಮೈಲಾರಲಿಂಗ.

“ಮಾರಿ ಸವದು ಹೋಗೇದರಿ ಅಂಬಾರಾಯರ. ಸವದ ದೇವರಿಗೆ ಪೂಜಾ ಮಾಡಬಾರದಂತ. ಕರಗಿಸಿ ಹೊಸಾ ಟಾಕು ಮಾಡಿಕೊಡ್ರಿ. ಆದ್ರ ಇದ ಬೆಳ್ಳಿ ಆಗಬೇಕು. ನಾ ಇಲ್ಲೇ ಕುಂತು ನೋಡ್ತೀನಿ.”

ಬೆಳಕಿಗೆ ಹಿಡಿದೆ. ಗುಂಗುರು ಗಡ್ಡ, ಉದ್ದ ಮೂಗು, ಅಂಚಿನಲ್ಲಿ ಅರ್ಧ ಅಳಿದ ರೋಮನ್ ಅಕ್ಷರ. ಹ್ಯಾಡ್ರಿಯನ್! ಹತ್ತೊಂಬತ್ತು ನೂರು ವರ್ಷ ಹಿಂದಿನ ರೋಮಿನ ಚಕ್ರವರ್ತಿ. ಹಿಂಬದಿಗೆ ಅವರ ಯಾವುದೋ ದೇವತೆ ನಿಂತಿದ್ದಳು. ಭೀಮವ್ವನ ಪಾಲಿಗೆ ಆಕೆಯೇ ಮೈಲಾರಲಿಂಗನ ಮಡದಿ ಗಂಗಿಮಾಳವ್ವ. ನಾಣ್ಯದ ಹುಚ್ಚು ಹತ್ತಿ ಹದಿನೈದು ವರ್ಷ ಪ್ರದರ್ಶನಗಳಿಗೆ ಅಲೆದಿದ್ದೇನೆ. ಇಂಥದ್ದನ್ನು ಗಾಜಿನ ಆಚೆಯಿಂದ ಮಾತ್ರ ಕಂಡಿದ್ದೆ.

ಒಳಗೆ ನಮ್ಮ ಕೆಲಸಗಾರ ಭುಜಂಗ ಬೆಳ್ಳಿ ಕರಗಿಸುವ ಮೂಸೆ ಕಾಯಿಸುತ್ತಿದ್ದ. ಅಷ್ಟೇ ತೂಕದ ಬೇರೆ ಬೆಳ್ಳಿ ಅದರೊಳಗೆ ಬಿಟ್ಟು ಇದನ್ನು ಜೇಬಿಗಿಳಿಸಿದರೆ ಯಾರಿಗೆ ಗೊತ್ತಾಗುತ್ತದೆ? ಹಾಳಾದ ಬುದ್ಧಿ! ಚಹಾ ತರಿಸಿದೆ, ಫ್ಯಾನು ಜೋರು ಮಾಡಿದೆ, ಎದ್ದೆ, ಕೂತೆ. ಮುದುಕಿ ನನ್ನ ಕೈಯಿಂದ ಕಣ್ಣು ಕೀಳಲಿಲ್ಲ.

“ಮೂಸಿ ಕಾದದರಿ ಮಾಲಕ್ರ!” ಭುಜಂಗ ಕೂಗಿದ.

ನನಗೆ ತಡೆಯಲಾಗಲಿಲ್ಲ. “ಅವ್ವಾರ, ಇವ ಮೈಲಾರಲಿಂಗ ಅಲ್ರಿ. ರೋಮ್ ದೇಶದ ರಾಜಾ. ಭಾಳ ಹಳೇ ನಾಣ್ಯ ಇದು, ಕರಗಸಬ್ಯಾಡ್ರಿ. ನನಗ ಕೊಡ್ರಿ, ಕೇಳಿದಷ್ಟು ಕೊಡ್ತೀನಿ.”

ಅಂದ ಮೇಲೆ ನಾಚಿಕೆಯಾಯಿತು. ಮೂರು ತಲೆಮಾರು ಕೈಮುಗಿದ ದೇವರನ್ನು ಒಂದೇ ಮಾತಿನಲ್ಲಿ ಕಸಿದುಕೊಂಡಿದ್ದೆ.

ಭೀಮವ್ವ ಬಿಲ್ಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗೈಯಲ್ಲಿಟ್ಟು ನೋಡಿದಳು. ಆಮೇಲೆ ಕೇಳಿದಳು, “ಅವನ ಊರಾಗ ಅವಗ ಪೂಜಾ ಮಾಡ್ತಾರೇನ್ರಿ?”

“ಯಾರೂ ಇಲ್ಲರಿ. ಆ ರಾಜ್ಯಾನ ಮುಳುಗಿ ಹೋಗೇದ.”

“ಅಯ್ಯ ಪಾಪ!” ಅವಳ ಕಣ್ಣು ತುಂಬಿತು. “ನಮ್ಮ ದೇವರಾಗಿದ್ರ ಕರಗಸ್ತಿದ್ದೆ. ಮಂದೀ ದೇವರನ್ನ ಬೆಂಕಿಗೆ ಹಾಕಾಕ, ಮಾರಾಕ ನಾ ಯಾರು? ನಾ ಬಿಟ್ರ ಇವಗ ಯಾರದಾರ? ಮೈಲಾರಲಿಂಗಗ ಬ್ಯಾರೆ ಟಾಕು ಮಾಡ್ರಿ. ಇವನೂ ಬಾಜೂಕ ಕೂಡತಾನ.”

ಬೆಂಕಿಯಿಂದ ಉಳಿದನಲ್ಲ ಎಂದು ಹೋದ ಜೀವ ಬಂದಂತಾಯಿತು. ಆದರೆ ಆ ಮುಖದಲ್ಲಿ ಉಳಿದದ್ದಾದರೂ ಎಷ್ಟು? ಮೂಗಿನ ತುದಿ, ಗಡ್ಡದ ನಾಲ್ಕು ಎಳೆ.

“ಅವ್ವಾರ, ಕೈ ಮುಗೀತೀನಿ, ಹುಣಸೇಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ. ಹತ್ತು ವರ್ಷದಾಗ ಮಾರೀನ ಇರಂಗಿಲ್ಲ.”

ವಸ್ತ್ರಕ್ಕೆ ಗಂಟು ಹಾಕುತ್ತಿದ್ದ ಭೀಮವ್ವ ಹುಚ್ಚನನ್ನು ನೋಡಿದಂತೆ ನನ್ನನ್ನು ನೋಡಿದಳು.

“ಜಳಕಾ ಮಾಡಸಲಾರದ ದೇವರಿಗೆ ನೈವೇದ್ಯ ಹೆಂಗ ಹಿಡೀಲ್ರಿ?”